ಮೊದಲು ಪೈಪು, ಆಮೇಲೆ ನೆಲ: ಹಳೇ ಮನೆ ರಿಪೇರಿಗೆ ಕೈ ಹಾಕುವ ಮುಂಚೆ

ತುಮಕೂರಿನ ನಮ್ಮ ಮನೆ 1991ರಲ್ಲಿ ಕಟ್ಟಿದ್ದು. ಅಮ್ಮ ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದರು. ಇನ್ನು ತಡ ಮಾಡೋದು ಬೇಡ, ನೆಲ ಬದಲಾಯಿಸೋಣ ಅಂತ ಹೊರಟೆವು. ಟೈಲ್ಸ್ ಆರಿಸಿದ್ದಾಯಿತು, ಮೇಸ್ತ್ರಿ ಬಂದರು, ಹತ್ತು ದಿನದಲ್ಲಿ ಕೆಲಸ ಮುಗಿಯಿತು. ಐದು ತಿಂಗಳು ಕಳೆದಿರಲಿಲ್ಲ, ಬಚ್ಚಲಿನ ಹಿಂಬದಿ ರೂಮಿನ ಗೋಡೆಯಲ್ಲಿ ಅಂಗೈ ಅಗಲದ ಕಲೆ ಕಾಣಿಸಿತು. ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು. ಬೆರಳಿಂದ ಒತ್ತಿದೆ, ಒಳಗಿನ ಗಾರೆ ಒದ್ದೆ ಮರಳಾಗಿ ಉದುರಿತು. ಒಡೆದು ನೋಡಿದರೆ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಎಲ್ಬೋ, ಅಂದರೆ ಪೈಪು ತಿರುಗುವ ಜಾಯಿಂಟ್ ಹತ್ತಿರ ತುಕ್ಕು ತಿಂದು ಸೂಜಿಮೊನೆಯಷ್ಟು ತೂತಾಗಿತ್ತು. ಅಷ್ಟು ಸಣ್ಣ ತೂತಿಗಾಗಿ ಹದಿನಾಲ್ಕು ಹೊಸ ಟೈಲ್ಸ್ ಒಡೆಯಬೇಕಾಯಿತು. ಪೈಪು ಹಾಗೇ ಇರಲಿ, ಏನೂ ಆಗಲ್ಲ ಅಂದಿದ್ದವರು ಆಮೇಲೆ ಫೋನ್ ಎತ್ತಲಿಲ್ಲ.

ಅದಕ್ಕೇ ಹೇಳುವುದು, ಟೈಲ್ಸ್ ಅಂಗಡಿಗೆ ಹೋಗುವ ಮುಂಚೆ ಪೈಪು ನೋಡಿ.

ಸೋರುತ್ತಿದೆಯಾ ಅಂತ ತಿಳಿಯಲು ಯಾರನ್ನೂ ಕರೆಸಬೇಕಿಲ್ಲ. ರಾತ್ರಿ ಮಲಗುವ ಮುಂಚೆ ಓವರ್‌ಹೆಡ್ ಟ್ಯಾಂಕಿಗೆ ಒಂದು ಉದ್ದದ ಕೋಲು ತಳ ಮುಟ್ಟುವವರೆಗೆ ಇಳಿಸಿ, ನೀರು ಎಲ್ಲಿಯವರೆಗೆ ಬಂತೋ ಅಲ್ಲಿಗೆ ಗುರುತು ಮಾಡಿ. ಮೋಟಾರ್ ಹಾಕಬೇಡಿ, ಬೆಳಿಗ್ಗೆಯವರೆಗೆ ಯಾರೂ ನಲ್ಲಿ ತಿರುಗಿಸದಿರಲಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಮರುದಿನ ರಾತ್ರಿ ಟ್ಯಾಂಕಿನ ಕೆಳಗಿನ ಗೇಟ್ ವಾಲ್ವ್ ಮುಚ್ಚಿ ಇದೇ ಕೆಲಸ ಮಾಡಿ. ಆಗಲೂ ಇಳಿದರೆ ತೊಂದರೆ ಟ್ಯಾಂಕಿನಲ್ಲಿ ಅಥವಾ ವಾಲ್ವಿನ ಜಾಗದಲ್ಲಿ. ಇಳಿಯದಿದ್ದರೆ ಮನೆಯೊಳಗಿನ ಪೈಪು, ನಲ್ಲಿ, ಫ್ಲಶ್ ಟ್ಯಾಂಕ್, ಇವುಗಳಲ್ಲಿ ಯಾವುದೋ ಒಂದು. ಫ್ಲಶ್ ಟ್ಯಾಂಕ್ ಪರೀಕ್ಷೆ ಇನ್ನೂ ಸುಲಭ. ಕೇಸರಿಬಾತಿಗೆ ಹಾಕುವ ಬಣ್ಣ ಒಂದು ಚಿಟಿಕೆ ಅದರೊಳಗೆ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕಮೋಡಿನಲ್ಲಿ ಬಣ್ಣ ಕಾಣಿಸಿದರೆ ಒಳಗಿನ ವಾಷರ್ ಹೋಗಿದೆ. ಇಷ್ಟಕ್ಕೆಲ್ಲ ಗೋಡೆ ಒಡೆಯಲು ಹೊರಡಬೇಡಿ.

ನಿಮ್ಮದೂ ತೊಂಬತ್ತರ ದಶಕದ ಜಿಐ ಪೈಪಿನ ಮನೆಯಾಗಿದ್ದರೆ ನನ್ನ ಮಾತು ಕೇಳಿ, ಗೋಡೆಯೊಳಗಿನ ಪೈಪು ಪೂರ್ತಿ ಬದಲಾಯಿಸಿ. ಸೋರಿದ ಕಡೆ ಮಾತ್ರ ತುಂಡು ಹಾಕಿಸಿದರೆ ಇನ್ನೊಂದು ಎಲ್ಬೋ ಮುಂದಿನ ವರ್ಷ ಹೋಗುತ್ತದೆ. ಜಿಐ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಕಾಣುವಷ್ಟು ಹೊತ್ತಿಗೆ ಕಾಲ ಮೀರಿರುತ್ತದೆ. ಈಗ ಎಲ್ಲರೂ ಹಾಕುವುದು ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪು. ಅದು 93 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ, ಗೀಸರ್ ಲೈನಿಗೂ ಆಗುತ್ತದೆ. ಬಿಳಿ ಯುಪಿವಿಸಿ ತಣ್ಣೀರಿಗೆ ಮಾತ್ರ. ಎರಡಕ್ಕೂ ಅಂಟು ಬೇರೆ ಬೇರೆ, ಒಂದರದ್ದು ಇನ್ನೊಂದಕ್ಕೆ ಹಚ್ಚಿದರೆ ಜಾಯಿಂಟ್ ನಿಲ್ಲಲ್ಲ. ನಲ್ಲಿ ಕೂರುವ ಕಡೆ ಪ್ಲಾಸ್ಟಿಕ್ ಥ್ರೆಡ್ ಬೇಡ, ಒಳಗೆ ಹಿತ್ತಾಳೆ ಥ್ರೆಡ್ ಇರುವ ಫಿಟ್ಟಿಂಗ್ ಕೇಳಿ ತನ್ನಿ. ನಲ್ಲಿ ಬಿಗಿ ಮಾಡುವಾಗ ಪ್ಲಾಸ್ಟಿಕ್ ಥ್ರೆಡ್ ಸೀಳಿತು ಅಂದರೆ ಮತ್ತೆ ಗೋಡೆ ಒಡೆಯಬೇಕು.

ಇನ್ನು ಪ್ರೆಶರ್ ಟೆಸ್ಟ್. ಇದನ್ನು ಬಿಡಲೇಬೇಡಿ. ಪ್ಲಂಬರ್ ಬೇಡ ಅಂದರೂ ನೀವು ಬಿಡಬೇಡಿ. ಗೋಡೆ ಇನ್ನೂ ತೆರೆದಿರುವಾಗಲೇ ನಲ್ಲಿ ಬರುವ ಎಲ್ಲ ಕಡೆ ಡಮ್ಮಿ (ಪೈಪಿನ ಬಾಯಿ ಮುಚ್ಚುವ ಬಿರಡೆ) ಹಾಕಿ, ಕೈ ಪಂಪಿನಿಂದ ಪೈಪಿಗೆ ನೀರಿನ ಒತ್ತಡ ಕೊಟ್ಟು, ಮೀಟರಿನ ಮುಳ್ಳು ಎಲ್ಲಿ ನಿಂತಿದೆ ಅಂತ ಫೋಟೋ ತೆಗೆದು, ರಾತ್ರಿಯಿಡೀ ಹಾಗೇ ಬಿಡಬೇಕು. ಬೆಳಿಗ್ಗೆ ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಟ್ಯಾಂಕಿನ ನೀರು ಬಿಟ್ಟು ನೋಡಿದೆವಲ್ಲ, ಸೋರಲಿಲ್ಲ ಅನ್ನುತ್ತಾರೆ. ಸಾಲದು. ಹತ್ತು ಮೀಟರ್ ಎತ್ತರದಿಂದ ಇಳಿದ ನೀರಿಗೆ ಸುಮಾರು ಒಂದು ಬಾರ್ ಒತ್ತಡ ಬರುತ್ತದೆ, ಒಂದೇ ಅಂತಸ್ತಿನ ಮನೆಯಲ್ಲಿ ಅದರ ಅರ್ಧವೂ ಇರುವುದಿಲ್ಲ. ಅಷ್ಟು ಕಡಿಮೆ ಒತ್ತಡದಲ್ಲಿ ಸರಿಯಾಗಿ ಅಂಟದ ಜಾಯಿಂಟ್ ಕೂಡ ಸುಮ್ನೆ ಕೂತಿರುತ್ತದೆ, ಮುಂದೆ ಪ್ರೆಶರ್ ಪಂಪ್ ಹಾಕಿದ ದಿನ ಬಾಯಿ ಬಿಡುತ್ತದೆ. ಇನ್ನೊಂದು ಮಾತು. ತಲೆ ಮೇಲೆ ಮಳೆ ಸುರಿದ ಹಾಗೆ ಬರುವ ದೊಡ್ಡ ಶವರ್ ಇಷ್ಟಪಟ್ಟು ತರುವವರು, ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅಂತ ನೋಡಿ ತನ್ನಿ.

ಗೋಡೆ ಮುಚ್ಚುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆಯಿರಿ. ಬರೀ ಫೋಟೋ ಅಲ್ಲ, ಪಕ್ಕದಲ್ಲಿ ಟೇಪ್ ಹಿಡಿದು, ನೆಲದಿಂದ ಎಷ್ಟು ಇಂಚು, ಮೂಲೆಯಿಂದ ಎಷ್ಟು ಇಂಚು ಅಂತ ಕಾಣುವ ಹಾಗೆ. ನಾಳೆ ಕನ್ನಡಿಗೆ ಮೊಳೆ ಹೊಡೆಯುವಾಗ ಇದರ ಬೆಲೆ ಗೊತ್ತಾಗುತ್ತದೆ.

ಪೈಪು ಆದ ಮೇಲೆ ಬಚ್ಚಲಿಗೆ ವಾಟರ್‌ಪ್ರೂಫಿಂಗ್. ನೆಲಕ್ಕೆ ಬಳಿದರೆ ಸಾಲದು, ಗೋಡೆ ಮೇಲೂ ಒಂದಡಿ ಏರಬೇಕು, ಶವರ್ ಇರುವ ಕಡೆ ತಲೆ ಎತ್ತರಕ್ಕೆ. ನೀರು ಇಳಿಯುವುದು ಮೂಲೆಗಳಿಂದ ಮತ್ತು ಪೈಪು ಹೊರಬರುವ ಜಾಗದಿಂದ, ಅಲ್ಲಿ ಎರಡು ಪದರ ಜಾಸ್ತಿ ಇರಲಿ. ಒಣಗಿದ ಮೇಲೆ ಜಾಲರಿಯ ಬಾಯಿ ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ. 24 ಗಂಟೆ ಕನಿಷ್ಠ, 48 ಗಂಟೆ ಆದರೆ ಇನ್ನೂ ಒಳ್ಳೇದು. ಕೆಳಗಿನ ಸೀಲಿಂಗ್, ಪಕ್ಕದ ಗೋಡೆ ಒಣಗಿಯೇ ಇದ್ದರೆ ಮಾತ್ರ ಟೈಲ್ಸಿಗೆ ಒಪ್ಪಿಗೆ ಕೊಡಿ.

ವಾಟದ ವಿಷಯದಲ್ಲಿ ಮೇಸ್ತ್ರಿಯ ಕಣ್ಣಂದಾಜು ನಂಬಬೇಡಿ, ರಸಮಟ್ಟ ಇಡಿಸಿ. ಆರಡಿ ಉದ್ದಕ್ಕೆ ಮುಕ್ಕಾಲು ಇಂಚು ಇಳಿಜಾರು ಇದ್ದರೆ ನೀರು ತಾನಾಗಿ ಹೋಗುತ್ತದೆ. ಟೈಲ್ಸ್ ಹಾಕಿದ ಸಂಜೆಯಲ್ಲ, ಹಾಕುತ್ತಿರುವಾಗಲೇ ಒಂದು ಚೊಂಬು ನೀರು ಹುಯ್ದು ನೋಡಿ. ಮೂಲೆಯಲ್ಲಿ ನಿಂತರೆ ಅಲ್ಲೇ ಎತ್ತಿ ಸರಿಮಾಡಿಸಿ. ಸಿಮೆಂಟ್ ಹಿಡಿದ ಮೇಲೆ ಯಾರೂ ಎತ್ತಿ ಕೊಡಲ್ಲ.

ಈಗ ನೆಲಕ್ಕೆ ಬರೋಣ. ಮೊದಲು ಒಂದು ಪ್ರಶ್ನೆ: ಇರುವ ನೆಲ ನಿಜವಾಗಿಯೂ ಹೋಗಿದೆಯಾ? ನಮ್ಮ ಹಾಲಿನದು ಮೊಸಾಯಿಕ್. ಮಂಕಾಗಿತ್ತು, ಹಳದಿಯಾಗಿತ್ತು, ಆದರೆ ಎಲ್ಲೂ ಕುಸಿದಿರಲಿಲ್ಲ. ಮೆಷಿನ್ ಪಾಲಿಶ್ ಮಾಡಿಸಿದೆವು. ಒಳಗಿನ ಬಿಳಿ, ಕಂದು ಕಲ್ಲಿನ ಚೂರುಗಳೆಲ್ಲ ಮತ್ತೆ ಎದ್ದು ಬಂದವು. ಅಷ್ಟು ಗಟ್ಟಿ ನೆಲವನ್ನು ಒಡೆದು ಲಾರಿಗೆ ತುಂಬಿಸುವುದು ನನಗಂತೂ ಸರಿ ಕಾಣುವುದಿಲ್ಲ. ರೆಡ್ ಆಕ್ಸೈಡ್ ನೆಲ ಇದ್ದವರೂ ಸ್ವಲ್ಪ ಯೋಚಿಸಿ. ಬಿರುಕಿದ್ದರೂ ಬರಿಗಾಲಿಗೆ ಅಷ್ಟು ಹಿತವಾದ ನೆಲ ಮತ್ತೆ ಸಿಗಲ್ಲ, ಅದನ್ನು ಉಜ್ಜಿ ಉಜ್ಜಿ ನುಣುಪು ಮಾಡುವ ಕೈಗಳೂ ಈಗ ಕಡಿಮೆ.

ಹೊಸದೇ ಬೇಕಾದರೆ ರೂಮಿನಿಂದ ರೂಮಿಗೆ ಲೆಕ್ಕ ಬೇರೆ. ಅಡುಗೆ ಮನೆಗೆ ನನ್ನ ಓಟು ಗ್ರಾನೈಟಿಗೆ. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು, ಎಲ್ಲ ನಮ್ಮಲ್ಲೇ ಸಿಗುವ ಕಲ್ಲು. ಹುಣಸೆರಸ, ನಿಂಬೆರಸ ಬಿದ್ದರೂ ಕಲೆ ಹಿಡಿಯದಷ್ಟು ಗಟ್ಟಿ. ಶಹಾಬಾದ್, ಕಡಪ, ಕೋಟಾ, ಮಾರ್ಬಲ್ ಎಲ್ಲ ಸುಣ್ಣದ ಅಂಶದ ಕಲ್ಲುಗಳು, ಹುಳಿ ಬಿದ್ದ ಕಡೆ ಮೆರುಗು ಹೋಗುತ್ತದೆ. ಅನುಮಾನ ಇದ್ದರೆ ಸ್ಯಾಂಪಲ್ ತುಂಡು ಮನೆಗೆ ತಂದು ಅರ್ಧ ನಿಂಬೆಹಣ್ಣು ಹಿಂಡಿ ರಾತ್ರಿ ಬಿಟ್ಟು ನೋಡಿ. ಹಾಗಂತ ಶಹಾಬಾದ್ ಕಲ್ಲನ್ನು ದೂರುತ್ತಿಲ್ಲ. ಕಲಬುರಗಿ ಕಡೆಯ ಬಿಸಿಲಿಗೆ ಅಂಗಳ, ಪಡಸಾಲೆಯಲ್ಲಿ ಅದು ತಂಪು.

ರೂಮು, ಹಾಲಿಗೆ ವಿಟ್ರಿಫೈಡ್ ಸಾಕು, ಅಂದರೆ ಹೆಚ್ಚು ಕಾವಿನಲ್ಲಿ ಸುಟ್ಟ ಗಟ್ಟಿ ಟೈಲ್ಸ್. ನೀರು ಹೀರುವ ಪ್ರಮಾಣ ಶೇ. 0.5ಕ್ಕಿಂತ ಜಾಸ್ತಿ ಇರಬಾರದು, ಡಬ್ಬದ ಮೇಲೆ ನೋಡಿ. ಮಂಚ, ಬೀರು ಎಳೆದಾಡುವ ಮನೆಯಾದರೆ ಡಬಲ್ ಚಾರ್ಜ್ ತಗೊಳ್ಳಿ, ಅದರಲ್ಲಿ ಬಣ್ಣದ ಪದರವೇ ಮೂರ್ನಾಲ್ಕು ಮಿಲಿಮೀಟರ್ ದಪ್ಪ. ಮೇಲೆ ಪ್ರಿಂಟ್ ಮಾಡಿದ ಜಿವಿಟಿ (ಗ್ಲೇಜ್ಡ್ ವಿಟ್ರಿಫೈಡ್ ಟೈಲ್ಸ್) ನೋಡಲು ಚೆಂದ, ಆದರೆ ಗೀರು ಆಳಕ್ಕಿಳಿದರೆ ಕೆಳಗಿನ ಬೇರೆ ಬಣ್ಣ ಕಾಣುತ್ತದೆ. ಬಚ್ಚಲಿಗೆ ಮ್ಯಾಟ್ ಬಿಟ್ಟು ಬೇರೆ ಬೇಡವೇ ಬೇಡ. ಅಂಗಡಿಯಲ್ಲೇ ಟೈಲ್ ನೆಲದ ಮೇಲಿಟ್ಟು, ನೀರು ಚಿಮುಕಿಸಿ, ಚಪ್ಪಲಿ ಬಿಟ್ಟು ನಿಂತು ನೋಡಿ. ಸೋಪಿನ ನೀರಾದರೆ ಇನ್ನೂ ಒಳ್ಳೇದು. ನಾನು ಅಮ್ಮನನ್ನೇ ಕರೆದುಕೊಂಡು ಹೋಗಿ ನಿಲ್ಲಿಸಿ ಆರಿಸಿದೆ. ಅಂಗಡಿಯವರು ಏನೂ ಅನ್ನಲಿಲ್ಲ, ಕುರ್ಚಿ ತಂದು ಕೊಟ್ಟರು.

ಅಳತೆಗಿಂತ ನೂರಕ್ಕೆ ಹತ್ತರಷ್ಟು ಜಾಸ್ತಿ ತನ್ನಿ, ಎಲ್ಲ ಡಬ್ಬದ ಮೇಲೂ ಒಂದೇ ಬ್ಯಾಚ್ ನಂಬರ್ ಇದೆಯಾ ಅಂತ ಗಾಡಿಯಿಂದ ಇಳಿಸುವಾಗಲೇ ನೋಡಿ. ಒಂದು ಡಬ್ಬ ಅಟ್ಟದ ಮೇಲಿಡಿ. ನಮ್ಮ ಹದಿನಾಲ್ಕು ಟೈಲ್ಸಿಗೆ ಅದೇ ಡಿಸೈನ್ ಸಿಕ್ಕಿತು, ಬ್ಯಾಚ್ ಬೇರೆ. ಬೆಳಿಗ್ಗೆ ಕಿಟಕಿ ಬೆಳಕು ಬಿದ್ದಾಗ ಆ ತೇಪೆ ಈಗಲೂ ಕಾಣುತ್ತದೆ.

ವಿಟ್ರಿಫೈಡ್ ನೀರು ಹೀರದ ಕಾರಣ ಬರೀ ಸಿಮೆಂಟ್ ಹಾಲು ಅದನ್ನು ಚೆನ್ನಾಗಿ ಹಿಡಿಯಲ್ಲ. ಟೈಲ್ ಅಂಟು ಬೇಕು, ಅದನ್ನು ಹಲ್ಲಿರುವ ಕರಣೆಯಿಂದ ಪೂರ್ತಿ ಹರಡಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಒತ್ತುವ ಕೆಲಸ ಕಂಡರೆ ನಿಲ್ಲಿಸಿ. ಮಧ್ಯೆ ಟೊಳ್ಳು ಉಳಿಯುತ್ತದೆ, ಕುಕ್ಕರ್ ಬಿದ್ದ ದಿನ ಒಡೆಯುತ್ತದೆ. ಮಾರನೇ ದಿನ ಒಂದು ನಾಣ್ಯ ಹಿಡಿದು ಪ್ರತಿ ಟೈಲ್ ತಟ್ಟಿ. ಗಟ್ಟಿ ಇದ್ದ ಕಡೆ ಮೊಟಕು ಸದ್ದು, ಟೊಳ್ಳಿದ್ದ ಕಡೆ ಖಾಲಿ ಡಬ್ಬದ ಸದ್ದು, ಕಿವಿಗೇ ಗೊತ್ತಾಗುತ್ತದೆ. ಟೈಲ್ಸ್ ನಡುವೆ ಎರಡು ಮಿಲಿಮೀಟರ್ ಸ್ಪೇಸರ್ ಇಡಿಸಿ, ಗೋಡೆ ಅಂಚಿನಲ್ಲೂ ಸ್ವಲ್ಪ ಜಾಗ ಬಿಡಿಸಿ, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಜಾಗವೇ ಇಲ್ಲದೆ ಒತ್ತಿ ಕೂರಿಸಿದ ನೆಲ ಬಿಸಿಲಿಗೆ ಹಿಗ್ಗಿ ಒಂದು ದಿನ ಎದ್ದು ನಿಲ್ಲುತ್ತದೆ.

ಮನೆಗೆ ಬಂದ ಮೇಲಿನ ಸಣ್ಣಪುಟ್ಟ ತೊಂದರೆಗಳನ್ನು ನೀವೇ ನೋಡಿಕೊಳ್ಳಬಹುದು. ಸಿಂಕ್ ಕಟ್ಟಿಕೊಂಡರೆ ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪ್ (ಸಿಂಕಿನ ಕೆಳಗೆ ಬಟ್ಟಲಿನ ಹಾಗಿರುವ ಭಾಗ) ಕೈಯಿಂದಲೇ ತಿರುಗಿಸಿ ಬಿಚ್ಚಿ, ಅನ್ನದ ಅಗುಳು, ಜಿಡ್ಡು ಎಲ್ಲ ಅಲ್ಲೇ ಕೂತಿರುತ್ತದೆ. ಬೋರ್‌ವೆಲ್ ನೀರಿನ ಮನೆಯಲ್ಲಿ ನಲ್ಲಿ ಸಣ್ಣಗೆ ಬಂದರೆ ಮುಂದಿನ ಜಾಲರಿ ಬಿಚ್ಚಿ ರಾತ್ರಿ ವಿನೆಗರ್‌ನಲ್ಲಿ ನೆನೆಸಿ. ಟೈಲ್ಸಿಗೆ ಆಸಿಡ್ ಹಾಕಬೇಡಿ, ಸಂದಿನ ಸಿಮೆಂಟ್ ತಿನ್ನುತ್ತದೆ. ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಅಂತೂ ಎಂದೂ ಬೆರೆಸಬೇಡಿ, ಅದರಿಂದ ಏಳುವ ಕ್ಲೋರಿನ್ ಹೊಗೆ ಪ್ರಾಣಕ್ಕೇ ಅಪಾಯ. ಬಳಸದ ಬಚ್ಚಲಿನಿಂದ ವಾಸನೆ, ಜಿರಲೆ ಬರುತ್ತಿದ್ದರೆ ಜಾಲರಿ ಕೆಳಗೆ ವಾಸನೆ ತಡೆಯಲು ನಿಲ್ಲುವ ಟ್ರ್ಯಾಪಿನ ನೀರು ಒಣಗಿದೆ, ವಾರಕ್ಕೊಮ್ಮೆ ಎರಡು ಚೊಂಬು ನೀರು ಹಾಕಿ.

ಮೇನ್ ವಾಲ್ವ್ ಎಲ್ಲಿದೆ ಅಂತ ಮನೆಯವರಿಗೆಲ್ಲ ತೋರಿಸಿ, ಅದನ್ನು ಮುಚ್ಚಿ ತೆಗೆಯಲು ಒಬ್ಬೊಬ್ಬರ ಕೈಯಲ್ಲೂ ಮಾಡಿಸಿ. ಮೂರು ತಿಂಗಳಿಗೊಮ್ಮೆ ತಿರುಗಿಸುತ್ತಿರಿ, ಇಲ್ಲದಿದ್ದರೆ ಬೇಕಾದ ದಿನ ಅದು ಜಗ್ಗುವುದಿಲ್ಲ. ನಮ್ಮ ಮನೆಯಲ್ಲಿ ಅಮ್ಮ ಅದಕ್ಕೆ ಕೆಂಪು ಬಟ್ಟೆ ಕಟ್ಟಿಟ್ಟಿದ್ದಾರೆ.