ನೇತ್ರಾಣಿಯನ್ನು ಆಲ್ಬಂ ಹಾಳೆಯ ಮೇಲೆ ಸುತ್ತಿದ ಕಥೆ

ಮೊದಲೇ ಹೇಳಿಬಿಡುತ್ತೇನೆ, ನಾನು ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪವನ್ನು ಹತ್ತಿಲ್ಲ. ಹತ್ತದೆಯೇ ಅಲ್ಲಿನ ಕಡಲ ಹದ್ದಿನ ಗೂಡುಗಳನ್ನು ಎಣಿಸಿದ್ದೇನೆ. ಹೀಗೆಂದಾಗಲೆಲ್ಲ ನಮ್ಮ ಹಕ್ಕಿ ಬಳಗದ ಹಿರಿಯರು ನಕ್ಕು, "ಅಲ್ಲಾಡುವ ದೋಣಿಯಲ್ಲಿ ಕೂತು ನಿಂತ ಮರ ಎಣಿಸುತ್ತೀಯಾ?" ಎನ್ನುತ್ತಿದ್ದರು. ಆ ನಗು ನಾಲ್ಕು ವರ್ಷ ನಡೆಯಿತು. ಕಳೆದ ಜನವರಿಯಿಂದ ನಗುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಹೊನ್ನಾವರದಲ್ಲಿ ಸ್ಟುಡಿಯೋ. ಮದುವೆ, ಮುಂಜಿ, ಗೃಹಪ್ರವೇಶ, ಪಾಸ್‌ಪೋರ್ಟ್ ಫೋಟೋ. ಹದ್ದುಗಳು ಮನೆ ಕಟ್ಟುವುದೂ ಮದುವೆಗಳು ನಡೆಯುವುದೂ ಹೆಚ್ಚುಕಡಿಮೆ ಒಂದೇ ತಿಂಗಳುಗಳಲ್ಲಿ. ಒಂದು ಡಿಸೆಂಬರಿನಲ್ಲಿ ಎರಡು ಮದುವೆ ಬಿಟ್ಟುಕೊಟ್ಟು ಸಮುದ್ರಕ್ಕೆ ಹೋದೆ. ಮನೆಯಲ್ಲಿ ಅದರ ಲೆಕ್ಕ ಇನ್ನೂ ಮುಗಿದಿಲ್ಲ.

ಮುರ್ಡೇಶ್ವರದಿಂದ ದ್ವೀಪಕ್ಕೆ ಸುಮಾರು 19 ಕಿಲೋಮೀಟರ್. ನೀರಿಗಿಳಿದು ಹವಳ ನೋಡುವ ಪ್ರವಾಸಿಗರು ವೇಗದ ಬೋಟಿನಲ್ಲಿ ಬೇಗ ಮುಟ್ಟುತ್ತಾರೆ. ನಾನು ಹೋದದ್ದು ಮೀನಿನ ದೋಣಿಯಲ್ಲಿ, ಒಂದೂವರೆ ಎರಡು ತಾಸಿನ ದಾರಿ. ದ್ವೀಪಕ್ಕೆ ಮರಳ ದಂಡೆ ಎಂಬುದಿಲ್ಲ. ಸುತ್ತಲೂ ಕಡಿದಾದ ಬಂಡೆ, ಮೇಲೆ ಕಾಡು. ನೌಕಾಪಡೆ ಇದನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದು ಕರಾವಳಿಯವರಿಗೆಲ್ಲ ಗೊತ್ತು. ಸಿಡಿಯದೆ ಉಳಿದ ಶೆಲ್ಲಿನ ಮೇಲೆ ಕಾಲಿಡುವ ಆಸೆ ನನಗಿಲ್ಲ. ಅದಕ್ಕಿಂತ ದೊಡ್ಡ ಕಾರಣ ಬೇರೆ. ಮನುಷ್ಯ ಹತ್ತಿದರೆ ಹದ್ದು ಏಳುತ್ತದೆ. ಹದ್ದು ಎದ್ದರೆ ಮೊಟ್ಟೆಗೆ ಬಿಸಿಲು, ಕಾಗೆ. ನನ್ನ ಎಣಿಕೆಗಾಗಿ ಒಂದು ಮೊಟ್ಟೆ ಹೋದರೂ ಆ ಎಣಿಕೆ ನನಗೆ ಬೇಡ.

ಮೊದಲ ಮೂರು ಪ್ರಯಾಣಗಳು ಶುದ್ಧ ದಂಡ. ದುರ್ಬೀನು, ನೋಟ್‌ಬುಕ್, ಬಾಲ್‌ಪೆನ್ನು ಹಿಡಿದು ಹೋದೆ. ದ್ವೀಪವನ್ನು ಸುತ್ತುವಾಗ ಅದರ ಮುಖ ನಿಮಿಷಕ್ಕೊಂದು ಬಗೆ. ಈಗ ಎಡಕ್ಕಿದ್ದ ಒಣಮರ ಸ್ವಲ್ಪ ಹೊತ್ತಿಗೆ ಬಂಡೆಯ ಬಲಕ್ಕೆ ಹೋಗಿರುತ್ತದೆ. ಎಣಿಸಿದ್ದು ಯಾವುದು, ಬಿಟ್ಟದ್ದು ಯಾವುದು? ಒಂದೇ ಬೆಳಿಗ್ಗೆ ಎರಡು ಸುತ್ತು ಹಾಕಿದರೆ ಮೊದಲ ಲೆಕ್ಕಕ್ಕೂ ಎರಡನೆಯದಕ್ಕೂ 14 ಗೂಡುಗಳ ಅಂತರ! ಮೂರನೆಯ ಸಲವಂತೂ ನೋಟ್‌ಬುಕ್ಕೇ ಜಾರಿ ದೋಣಿಯ ತಳದ ಮೀನುನೀರಿಗೆ ಬಿತ್ತು. ಬಂಗಡೆಯ ವಾಸನೆ ಉಳಿಯಿತು, ಅಕ್ಷರ ಉಳಿಯಲಿಲ್ಲ.

ಆಗ ಹ್ಯೂಮ್ ನೆನಪಾದರು. ಕಾಂಗ್ರೆಸ್ ಹುಟ್ಟುಹಾಕಿದ ಅದೇ ಎ. ಒ. ಹ್ಯೂಮ್. ನಮ್ಮ ದೇಶದ ಹಕ್ಕಿ ಶಾಸ್ತ್ರಕ್ಕೂ ಅವರೇ ಹಿರಿಯಜ್ಜ. 1875ರಲ್ಲಿ ಲಕ್ಷದ್ವೀಪ ಮತ್ತು ಪಶ್ಚಿಮ ಕರಾವಳಿ ಸುತ್ತಿದಾಗ ಈ ದ್ವೀಪವನ್ನೂ ನೋಡಿ, ಮರುವರ್ಷ ತಮ್ಮ 'ಸ್ಟ್ರೇ ಫೆದರ್ಸ್' ಪತ್ರಿಕೆಯಲ್ಲಿ ಬರೆದರು. ಆ ಕಾಲದ ಇಂಗ್ಲಿಷರಿಗೆ ಇದು 'ಪಿಜನ್ ಐಲ್ಯಾಂಡ್', ನಮ್ಮ ಹೊನ್ನಾವರ 'ಹೊನೋರ್'. ಹಳೆಯ ಇಂಗ್ಲಿಷ್ ಬರಹಗಳಲ್ಲಿ ನೇತ್ರಾಣಿ ಎಂದು ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ. ಇದು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು. ಹ್ಯೂಮ್ ಅವರ ಅದೃಷ್ಟವೂ ನನ್ನದರಂತೆಯೇ ಇತ್ತು. ವರ್ಷಗಟ್ಟಲೆ ಬರೆದಿಟ್ಟ ಹಸ್ತಪ್ರತಿಗಳನ್ನು ಶಿಮ್ಲಾದ ಮನೆಯ ಆಳೊಬ್ಬ ರದ್ದಿಗೆ ಮಾರಿಬಿಟ್ಟ. ಅವರು ಬೇಸತ್ತು ಹಕ್ಕಿಗಳನ್ನೇ ಬಿಟ್ಟರು, ಸಂಗ್ರಹವೆಲ್ಲ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಯಿತು. ನನ್ನದು ಒಂದೇ ನೋಟ್‌ಬುಕ್, ಅಷ್ಟಕ್ಕೆಲ್ಲ ಬಿಡುವುದೇ?

ನಾಲ್ಕನೆಯ ಸಲ ವಿಡಿಯೋ ಮಾಡಿದೆ. ಮನೆಗೆ ಬಂದು ನೋಡಿದರೆ ಆಕಾಶ, ನೀರು, ಆಕಾಶ, ನೀರು. ನೋಡುತ್ತ ಸ್ಟುಡಿಯೋದಲ್ಲೇ ವಾಂತಿ ಬಂತು. ದೋಣಿಯಲ್ಲಿ ಬಂದಿರಲಿಲ್ಲ, ಇದನ್ನು ದಾಖಲಿಸಲೇಬೇಕು. ಡ್ರೋನ್ ಹಾರಿಸಿ ಎಂದು ಎಲ್ಲರೂ ಹೇಳಿದರು. ಮದುವೆಗಳಿಗೆ ಹಾರಿಸುವ ಹುಡುಗ ನನ್ನ ಬಳಿಯೇ ಕೆಲಸಕ್ಕಿದ್ದಾನೆ. ಆದರೆ ಅನುಮತಿಯ ತಂಟೆ ಒಂದು ಕಡೆ, ಎರಡು ಮೀಟರ್ ರೆಕ್ಕೆಯ ಹಕ್ಕಿಗೆ ಅದರ ಗೂಡಿನ ತಲೆಯ ಮೇಲೆ ಗುಂಯ್‌ಗುಡುವ ಯಂತ್ರ ತೋರಿಸುವುದು ಇನ್ನೊಂದು ಕಡೆ. ಹತ್ತುವುದು ತಪ್ಪಾದರೆ ಇದೂ ತಪ್ಪೇ.

ದಾರಿ ತೋರಿಸಿದ್ದು ನಮ್ಮ ದೋಣಿ ನಡೆಸುವ ತಾಂಡೇಲರು, ಅದೂ ಹಟದಿಂದ. ದ್ವೀಪದಲ್ಲಿ ಜಟ್ಟಿಗ ದೇವರಿದ್ದಾನೆ, ಮೀನುಗಾರರು ಹರಕೆ ಹೊತ್ತು ಆಡು ಬಿಡುತ್ತಾರೆ. ಹಾಗಾಗಿ ತಾಂಡೇಲರು ದೋಣಿಯನ್ನು ಪ್ರದಕ್ಷಿಣೆಯಾಗಿ ಮಾತ್ರ ಸುತ್ತಿಸುತ್ತಾರೆ. ನಾನು ಒಂದು ಮರ ತಪ್ಪಿತೆಂದು "ಅಣ್ಣ, ಸ್ವಲ್ಪ ಹಿಂದಕ್ಕೆ" ಎಂದರೆ, "ಫೋಟೋದವರೇ, ಹಿಂದೆ ಎನ್ನುವುದಿಲ್ಲ. ಇನ್ನೊಂದು ಸುತ್ತು ಬೇಕಾದರೆ ಬರೋಣ" ಎನ್ನುತ್ತಿದ್ದರು. ಒಂದು ಸುತ್ತೆಂದರೆ ಒಂದು ತಾಸಿನ ಮೇಲೆ, ಡೀಸೆಲ್ ನನ್ನದು. ಅರ್ಧ ದಿನಕ್ಕೆ ಆರೂವರೆ ಸಾವಿರದ ಮಾತಿತ್ತು, ತಪ್ಪಿದ ಮರಗಳ ದೆಸೆಯಿಂದ ಒಮ್ಮೆ ಒಂಬತ್ತಕ್ಕೆ ಹೋಯಿತು.

ಆ ರಾತ್ರಿ ಒಂದು ಮದುವೆಯ ಕರಿಜ್ಮಾ ಆಲ್ಬಂ ಕೆಲಸ ಮಾಡುತ್ತಿದ್ದೆ. ದಿಬ್ಬಣದ ಉದ್ದದ ಫೋಟೋ ಎರಡು ಪುಟಕ್ಕೆ ಚಾಚಿತ್ತು. ದೋಣಿ ಒಂದೇ ದಿಕ್ಕಿಗೆ ಹೋಗುವುದಾದರೆ ಕಾಗದವೂ ಒಂದೇ ದಿಕ್ಕಿಗೆ ಸುತ್ತಲಿ! ಇಡೀ ದ್ವೀಪವನ್ನು ಒಂದೇ ಪಟ್ಟಿಯಾಗಿ ಅಚ್ಚು ಹಾಕಿ, ಎರಡು ಪಿವಿಸಿ ಪೈಪಿಗೆ ಸುತ್ತಿ, ದೋಣಿ ಸಾಗಿದಂತೆ ಬಿಚ್ಚುತ್ತ ಹೋಗುವುದು. ಕಣ್ಣೆದುರಿನ ಮರವೂ ಕೈಯಲ್ಲಿನ ಮರವೂ ಜೊತೆಜೊತೆಗೆ ಬರುತ್ತವೆ. ಪಟ್ಟಿಯ ಮೇಲೆ ನಂಬರಿನ ಚೌಕಗಳು, ಗೂಡು ಕಂಡರೆ ಅಲ್ಲೇ ಗುರುತು.

ಹೇಳಿದಷ್ಟು ಸುಲಭವಾಗಲಿಲ್ಲ. ಸುಮಾರು 140 ಫ್ರೇಮ್ ತೆಗೆದೆ. ಫೋಟೋಶಾಪ್ ತಾನೇ ಜೋಡಿಸುತ್ತದೆಂದು ಬಿಟ್ಟರೆ ಅದಕ್ಕೆ ಎಲ್ಲ ಅಲೆಯೂ ಒಂದೇ. ಒಂದು ಬಂಡೆ ಮೂರು ಸಲ ಬಂತು, ದಕ್ಷಿಣದ ಒಂದು ಕೊರಕಲು ಮಾಯವೇ ಆಯಿತು. ನೀರನ್ನೆಲ್ಲ ಕತ್ತರಿಸಿ ಎಸೆದು, ಬಂಡೆಯ ಬಿರುಕುಗಳನ್ನು ನೋಡಿ ಕೈಯಿಂದಲೇ ಹೊಲಿದೆ. ನಾಲ್ಕು ರಾತ್ರಿ. ದೋಣಿ ದ್ವೀಪದಿಂದ ಒಂದೇ ದೂರದಲ್ಲಿ ಸಾಗದಿದ್ದರೆ ಮರಗಳ ಗಾತ್ರ ಹೊಂದುವುದಿಲ್ಲ. ಇದಕ್ಕೆ ತಾಂಡೇಲರ ಕೈಗೆ ನಾನೊಂದು ಸಣ್ಣ ಸಾಧನ ಕೊಟ್ಟಿದ್ದೇನೆ, ಎಂಟು ರೂಪಾಯಿಯದ್ದು. ಏನೆಂದು ಹೇಳುವುದಿಲ್ಲ, ಶಾಲೆಯ ಮಕ್ಕಳ ಚೀಲದಲ್ಲಿ ಇರುತ್ತದೆ.

ಮೊದಲ ಪಟ್ಟಿಗೆ ಹೊಳಪಿನ ಲ್ಯಾಮಿನೇಷನ್ ಮಾಡಿಸಿದೆ. ಬಿಸಿಲಿಗೆ ಅದರಲ್ಲಿ ನನ್ನ ಮುಖವೇ ಕಂಡಿತು, ದ್ವೀಪ ಕಾಣಲಿಲ್ಲ. 2,200 ರೂಪಾಯಿ ನೀರಿಗೆ. ಎರಡನೆಯದು ಹರಿಯದ ಹಾಳೆ, ಮೇಲೆ ವೆಲ್ವೆಟ್ ಲ್ಯಾಮಿನೇಷನ್, ನಾವು ಮದುವೆ ಆಲ್ಬಮ್ಮಿಗೆ ಬಳಸುವುದೇ. ನೀರು ಬಿದ್ದರೆ ಲುಂಗಿಯಲ್ಲಿ ಒರೆಸಿದರಾಯಿತು, ಮಾರ್ಕರ್ ಹಿಡಿಯುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ.

ಬೆಳಕಿನ ವಿಷಯದಲ್ಲಿ ನನ್ನ ಮೂವತ್ತು ವರ್ಷದ ಕಸುಬೇ ನನಗೆ ಅಡ್ಡ ಬಂತು. ಪಟ್ಟಿಗೆ ಬೇಕಾದದ್ದು ಮುಖಕ್ಕೆ ಬೀಳುವ ಬೆಳಕು. ಮೂಡಣ ಮುಖ ಬೆಳಿಗ್ಗೆ, ಪಡುವಣ ಮುಖ ಮಧ್ಯಾಹ್ನದ ಮೇಲೆ. ಮಧ್ಯಾಹ್ನವಾದರೆ ಕಡಲಗಾಳಿ ಏಳುತ್ತದೆ, ಪಡುವಣದಲ್ಲಿ ದೋಣಿ ಕುದುರೆಯಾಗುತ್ತದೆ. ಅಂಥ ಒಂದು ಮಧ್ಯಾಹ್ನ ಎರಗಿದ ಅಲೆಗೆ ಮದುವೆಯ ಕ್ಯಾಮೆರಾ ಬಲಿಯಾಯಿತು, ರಿಪೇರಿಗೆ 18 ಸಾವಿರ ಚಿಲ್ಲರೆ. ಪಟ್ಟಿ ಹೇಗೋ ಆಯಿತು. ಆದರೆ ಎಣಿಕೆಗೂ ಅದೇ ಬೆಳಕು ಬೇಕೆಂದು ಎರಡು ಪ್ರಯಾಣ ಕಳೆದುಕೊಂಡೆ. ಒಂದು ಬೆಳಿಗ್ಗೆ ಸುಮ್ಮನೆ ಪಡುವಣಕ್ಕೆ ಹೋದಾಗ ಸೂರ್ಯ ದ್ವೀಪದ ಹಿಂದೆ, ಮರಗಳೆಲ್ಲ ಕಪ್ಪು. ನೆತ್ತಿಯ ಮರಗಳ ಕವಲಿನಲ್ಲಿ ಗೂಡುಗಳು ಸೊಪ್ಪಿನ ಹೊರೆಯಿಟ್ಟಂತೆ ಎದ್ದು ಕಂಡವು! ಗಿರಾಕಿ ಬೈಯುವಂಥ ಬೆಳಕೇ ಗೂಡಿಗೆ ಒಳ್ಳೆಯ ಬೆಳಕು. ಕೆಳಗಿನ ಮರಗಳಿಗೆ ಇದು ಒದಗುವುದಿಲ್ಲ, ಅವಕ್ಕೆ ಎದುರು ಬಿಸಿಲೇ ಬೇಕು. ಚಳಿಗಾಲದಲ್ಲಿ ಬಡಗಣ ಮುಖಕ್ಕೆ ನೇರ ಬಿಸಿಲು ಬೀಳುವುದೇ ಇಲ್ಲ, ಅಲ್ಲಿ ಮೋಡದ ದಿನವೇ ವಾಸಿ.

ಗೂಡು ಹಳತೋ ಹೊಸತೋ ಎಂಬುದು ಮುಂದಿನ ಪ್ರಶ್ನೆ. ಕಡಲ ಹದ್ದು ಅದೇ ಗೂಡಿಗೆ ವರ್ಷ ವರ್ಷವೂ ಕಡ್ಡಿ ಪೇರಿಸುತ್ತದೆ, ಬಿಟ್ಟುಹೋದ ಗೂಡೂ ಬಹಳ ಕಾಲ ನಿಲ್ಲುತ್ತದೆ. ಅಂಚಿನಲ್ಲಿ ಹಸಿರೆಲೆ ಇದ್ದರೆ, ಕೆಳಗಿನ ಎಲೆಗಳ ಮೇಲೆ ಸುಣ್ಣ ಚೆಲ್ಲಿದಂಥ ಹೊಸ ಹಿಕ್ಕೆ ಇದ್ದರೆ ಬಳಕೆಯಲ್ಲಿದೆ ಎಂದು ನನ್ನ ಲೆಕ್ಕ. ಹಾರುವ ಹಕ್ಕಿಗಳನ್ನು ಎಣಿಸಿ ಗೂಡು ಊಹಿಸಬೇಡಿ. ಮರಿಹದ್ದು ಬಿಳಿ-ಬೂದು ಬಣ್ಣಕ್ಕೆ ಬರಲು ನಾಲ್ಕೈದು ವರ್ಷ ಬೇಕು, ಅಲ್ಲಿಯವರೆಗೆ ಕಂದು. ದೂರದಿಂದ ಎಳೆಯ ಗರುಡನೆಂದು ಎಷ್ಟೋ ಜನ ಬರೆದುಕೊಳ್ಳುತ್ತಾರೆ. ಬೆಣೆಯಂಥ ಮೋಟು ಬಾಲ ನೋಡಿ, ಸಾಕು.

ನಡುವೆ ಎರಡು ಅಡ್ಡದಾರಿ ಹಿಡಿದೆ. ಹರಕೆಯ ಆಡುಗಳನ್ನೂ ಇದೇ ಪಟ್ಟಿಯಲ್ಲಿ ಎಣಿಸಲು ಹೋದೆ. ಆಡು ಮರದಂತೆ ನಿಲ್ಲುವುದಿಲ್ಲ. ಒಂದೇ ಕರಿ ಆಡು ನನ್ನನ್ನು ನಾಲ್ಕು ಚೌಕಗಳಲ್ಲಿ ಆಟವಾಡಿಸಿತು. ತಾಂಡೇಲರಿಗೂ ಸಿಟ್ಟು ಬಂತು, "ದೇವರಿಗೆ ಬಿಟ್ಟದ್ದನ್ನು ಲೆಕ್ಕ ಹಾಕಬಾರದು" ಎಂದರು. ಬಿಟ್ಟೆ. ಆದರೂ ಒಂದು ಮಾತು ಹೇಳಲೇಬೇಕು. ಸಸಿಗಳನ್ನೆಲ್ಲ ಆಡು ಮೇಯ್ದರೆ ಇನ್ನು ಐವತ್ತು ವರ್ಷಕ್ಕೆ ಹದ್ದು ಗೂಡು ಕಟ್ಟುವ ಮರ ಎಲ್ಲಿಂದ ಬರಬೇಕು? ಇದನ್ನು ಅವರಿಗೂ ಹೇಳಿದೆ. ಬೀಡಿ ಹಚ್ಚಿದರು, ಉತ್ತರ ಕೊಡಲಿಲ್ಲ.

ಇನ್ನೊಂದು, ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಬಾನಾಡಿ. ಜೊಲ್ಲಿನಿಂದ ಗೂಡು ಅಂಟಿಸುವ ಹಕ್ಕಿ, ಕತ್ತಲ ಗುಹೆಯಲ್ಲಿ ಟಿಕ್ ಟಿಕ್ ಎಂದು ಸದ್ದು ಮಾಡಿ ಪ್ರತಿಧ್ವನಿಯಿಂದ ದಾರಿ ಹಿಡಿಯುತ್ತದೆ. ಆ ಟಿಕ್ ಸದ್ದನ್ನು ಮುದ್ರಿಸಿ ಎಣಿಸಬಹುದೆಂದು ಮೂರು ಸಾವಿರದ ಮೈಕ್ ಕೊಂಡೆ. ಸಿಕ್ಕಿದ್ದು ಬಂಡೆಗೆ ಅಲೆ ಬಡಿಯುವ ಸದ್ದು, ಹಿಂದೆ ತಾಂಡೇಲರ ಕೆಮ್ಮು. ಸಂಜೆ ಮರಳುವಾಗ ಗುಹೆ ಸೊಂಡಿಲಿನಂತೆ ಒಳಗೆ ಎಳೆದುಕೊಳ್ಳುವ ಹಕ್ಕಿಗಳ ಆ ಸಾಲು ಮಾತ್ರ ನೋಡಲೇಬೇಕಾದದ್ದು. ಎಲ್ಲಿ ನಿಂತು ನೋಡಬೇಕೆಂದು ಕೇಳಬೇಡಿ. ಆ ಗೂಡುಗಳಿಗೆ ಹೊರದೇಶದಲ್ಲಿ ಸೂಪಿನ ಬೆಲೆ ಇದೆ, ಕಳ್ಳರಿಗೂ ಓದಲು ಬರುತ್ತದೆ.

ಕಳೆದ ಜನವರಿಗೆ ಬರುತ್ತೇನೆ. ಎಲ್ಲರಿಗಿಂತ ಹೆಚ್ಚು ನಕ್ಕಿದ್ದ ಶಿರಸಿಯ ಹಿರಿಯರೊಬ್ಬರನ್ನು, "ಬನ್ನಿ, ಡೀಸೆಲ್ ನನ್ನದು" ಎಂದು ಕರೆದೊಯ್ದೆ. ಮೂಡುಗಾಳಿಯ ಬೆಳಿಗ್ಗೆ, ನೀರು ಎಣ್ಣೆಯಂತಿತ್ತು. ಒಂದೇ ಬಗೆಯ ಎರಡು ಪಟ್ಟಿ, ತಲಾ 36 ಚೌಕ. ಒಬ್ಬರದನ್ನು ಒಬ್ಬರು ನೋಡುವಂತಿಲ್ಲ, ಮಾತಾಡುವಂತಿಲ್ಲ. ಅವರು ದೋಣಿಯ ಮೂತಿಯಲ್ಲಿ, ನಾನು ಎಂಜಿನ್ ಪಕ್ಕದಲ್ಲಿ. ಸುತ್ತು ಮುಗಿಸಿ ಪಟ್ಟಿಗಳನ್ನು ಅಕ್ಕಪಕ್ಕ ಹಾಸಿದರೆ ನಮ್ಮಿಬ್ಬರಿಗೂ ವ್ಯತ್ಯಾಸ ಬಂದದ್ದು ಒಂದೇ ಒಂದು, 17ನೇ ಚೌಕದಲ್ಲಿ. ನಾನು ಗೂಡೆಂದು ಗುರುತಿಸಿದ್ದೆ, ಅವರು ಬಳ್ಳಿಯ ಸಿಕ್ಕು ಎಂದು ಬಿಟ್ಟಿದ್ದರು.

ವಾದ ಶುರುವಾಯಿತು. ತಾಂಡೇಲರು ಕೇಳದೆಯೇ ಎರಡನೆಯ ಸುತ್ತಿಗೆ ತಿರುಗಿಸಿದರು. 17ರ ಎದುರು ಎಂಜಿನ್ ನಿಲ್ಲಿಸಿ ತೇಲುತ್ತಿದ್ದೆವು. ಇಪ್ಪತ್ತು ನಿಮಿಷವಾದರೂ ಏನೂ ಇಲ್ಲ, ಹಿರಿಯರ ಮೀಸೆಯಡಿ ಹಳೆಯ ನಗು ಮತ್ತೆ ಮೂಡುತ್ತಿತ್ತು. ಅಷ್ಟರಲ್ಲಿ ಪಡುವಣದಿಂದ ಒಂದು ಹದ್ದು ನೀರಿನ ಮಟ್ಟದಲ್ಲೇ ಬಂತು. ಕಾಲಲ್ಲಿ ಕಡಲ ಹಾವು, ಬಾವಿಯ ಹಗ್ಗದ ತುಂಡಿನಂತೆ ಜೋತಾಡುತ್ತಿತ್ತು. ಬಂಡೆಯ ಹತ್ತಿರ ಒಮ್ಮೆಲೇ ಮೇಲೆದ್ದು, ರೆಕ್ಕೆಗಳನ್ನು ನೆಟ್ಟಗೆ ಎತ್ತಿ ಹಿಡಿದು, ನೇರ ಆ ಬಳ್ಳಿಯ ಸಿಕ್ಕಿನೊಳಕ್ಕೆ ಇಳಿಯಿತು. ಒಳಗಿನಿಂದ ಇನ್ನೊಂದು ಬಾತುಕೋಳಿಯಂತೆ ಕೂಗಿಕೊಂಡಿತು. ಹಿರಿಯರು ದುರ್ಬೀನು ಇಳಿಸಿ, ಮಾರ್ಕರ್ ಬಾಯಿಂದಲೇ ಬಿಚ್ಚಿ, ತಮ್ಮ 17ನೇ ಚೌಕದಲ್ಲಿ ಒಂದು ಗುರುತು ಹಾಕಿದರು. ಊರು ಸೇರುವವರೆಗೂ ಮಾತಾಡಲಿಲ್ಲ.

ಒಟ್ಟು ಹನ್ನೊಂದು ಪ್ರಯಾಣ, ದೋಣಿಗೆ ಎಪ್ಪತ್ತೈದು ಸಾವಿರದ ಆಸುಪಾಸು, ಲೆನ್ಸ್ ಸಾಲ ಬೇರೆ. ಗೂಡುಗಳ ಸಂಖ್ಯೆಯನ್ನು ಬೇಕಾದವರಿಗೆ ಕೊಟ್ಟಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಮಳೆಗಾಲದಲ್ಲಿ ಮರ ಬೀಳುತ್ತದೆ, ಬಂಡೆ ಜರಿಯುತ್ತದೆ, ಆದ್ದರಿಂದ ಪ್ರತಿ ಅಕ್ಟೋಬರಿಗೆ ಹೊಸ ಪಟ್ಟಿ ಬೇಕು. ಹಳೆಯದರ ಮೇಲೆ ಗುರುತು ಹಾಕಿ ಮೋಸ ಹೋಗಬೇಡಿ.

ತಾಂಡೇಲರು ತಮಗೂ ಒಂದು ಪಟ್ಟಿ ಬೇಕೆಂದರು. ಗುರುತುಗಳಿಲ್ಲದ್ದನ್ನು ಅಚ್ಚು ಹಾಕಿ ಕೊಟ್ಟೆ. ಮುಂದಿನ ವಾರ ಹೋದಾಗ ಅದನ್ನು ದೋಣಿಯ ಹಲಗೆಗೆ ಮೊಳೆ ಹೊಡೆದಿದ್ದರು. ನೀರಿನಂಚಿನ ಉದ್ದಕ್ಕೂ ಅಲ್ಲಲ್ಲಿ ಇದ್ದಿಲಿನ ಚುಕ್ಕೆಗಳು. "ಇದೇನಣ್ಣ?" ಎಂದೆ. "ಇಸ್ವಾಣ ಮೀನು ಸಿಗುವ ಜಾಗ. ಯಾವ ಚುಕ್ಕೆ ಯಾವ ತಿಂಗಳಿಗೆ ಎಂದು ಮಾತ್ರ ಕೇಳಬೇಡಿ" ಎಂದು ಎಂಜಿನ್ ಚಾಲೂ ಮಾಡಿದರು.