ಬಾಯಿಗೆ ತುರುಕಿದರೆ ಮಗು ದಪ್ಪ ಆಗುತ್ತಾ?

ನಮ್ಮನೆಯಲ್ಲಿ ಒಂದು ಬಟ್ಟಲು ಅನ್ನ-ಸಾರು ಖಾಲಿಯಾಗೋಕೆ ಮುಕ್ಕಾಲು ಗಂಟೆ ಬೇಕಿತ್ತು. ನನ್ನ ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ತುತ್ತು. ಮಗಳು ಅನ್ನವನ್ನು ಕೆನ್ನೆಯಲ್ಲೇ ಇಟ್ಟುಕೊಂಡು, ನುಂಗದೆ, ಕಾರ್ಟೂನ್ ನೋಡುತ್ತಾ ಕೂತಿರುತ್ತಿದ್ದಳು. ಬಂದವರು ಯಾರಾದರೂ "ಏನು, ಕಡ್ಡಿ ಥರ ಆಗಿದಾಳಲ್ಲ" ಅಂದರೆ ಮುಗೀತು, ಮರುದಿನ ಎರಡು ತುತ್ತು ಜಾಸ್ತಿ ತುರುಕುತ್ತಿದ್ದೆ.

ಮೊದಲು ತಾಯಿ ಕಾರ್ಡ್ ತೆಗೆದು, ಅದರಲ್ಲಿರುವ ತೂಕದ ಗೆರೆ ನೋಡಿ. ಹುಟ್ಟಿದಾಗಿನ ತೂಕ ವರ್ಷ ತುಂಬುವಾಗ ಸುಮಾರು ಮೂರು ಪಟ್ಟಾಗುತ್ತದೆ. ಎರಡನೇ ವರ್ಷ ಪೂರ್ತಿ ಏರುವುದು ಎರಡು-ಎರಡೂವರೆ ಕಿಲೋ ಅಷ್ಟೆ. ಬೆಳೆಯುವ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. "ಮೊದಲು ಚೆನ್ನಾಗಿ ತಿಂತಿತ್ತು, ಈಗ ಮುಟ್ಟಲ್ಲ" ಅನ್ನುವ ದೂರು ಸರಿಯಾಗಿ ಆ ವಯಸ್ಸಿಗೇ ಶುರುವಾಗುವುದು ಅದಕ್ಕೇ. ಪಕ್ಕದ ಮನೆ ಮಗು ಎಷ್ಟು ಕಿಲೋ ಅಂತ ಕೇಳಬೇಡಿ, ನಿಮ್ಮ ಮಗುವಿನ ಗೆರೆ ತನ್ನ ದಾರಿಯಲ್ಲೇ ಮೇಲೆ ಹೋಗ್ತಿದೆಯಾ ನೋಡಿ. ಗೆರೆ ಕೆಳಗೆ ಬಾಗಿದರೆ, ಇಲ್ಲವೇ ಎರಡು-ಮೂರು ತಿಂಗಳು ಅಲ್ಲೇ ನಿಂತರೆ, ಡಾಕ್ಟರಿಗೆ ತೋರಿಸಿ.

ಒತ್ತಾಯದಿಂದ ತೂಕ ಏರುತ್ತದೆ ಅಂತ ನಾವು ಅಂದುಕೊಂಡಿದ್ದೇವೆ, ಆದರೆ ಬ್ರಿಟನ್, ನೆದರ್‌ಲೆಂಡ್ಸ್‌ನಲ್ಲಿ ಸಾವಿರಾರು ಮಕ್ಕಳನ್ನು ಗಮನಿಸಿದ ಅಧ್ಯಯನಗಳಲ್ಲಿ ಕಂಡಿದ್ದು ಬಹುಪಾಲು ಉಲ್ಟಾ: ಮಗು ಸಣ್ಣಗಿದೆ ಅಂತಲೇ ಅಪ್ಪ-ಅಮ್ಮ ಒತ್ತಾಯ ಮಾಡುತ್ತಾರೆ, ದಪ್ಪಗಿದೆ ಅಂತ ತಟ್ಟೆ ಎಳೆದುಕೊಳ್ಳುತ್ತಾರೆ. ಅಂದರೆ ಮಗುವಿನ ತೂಕವೇ ನಮ್ಮನ್ನು ಕುಣಿಸುತ್ತಿರುತ್ತದೆ.

ಹಾಗಾದರೆ ಏನು ಮಾಡೋದು? ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಕೆಲಸವನ್ನು ಹಂಚಿಬಿಟ್ಟಿದ್ದಾರೆ. ಏನು, ಯಾವಾಗ, ಎಲ್ಲಿ ಅನ್ನೋದು ನಮ್ಮದು. ಎಷ್ಟು ಅನ್ನೋದು ಮಗುವಿನದು. ಓದೋಕೆ ಸುಲಭ, ಅತ್ತೆಯ ಮುಂದೆ ಮಾಡೋಕೆ ಕಷ್ಟ.

ಊಟಕ್ಕೆ ಮುಂಚೆ ಎರಡೂವರೆ ಗಂಟೆ ಬಿಸ್ಕತ್ತು, ಹಾಲು ಏನೂ ಬೇಡ. ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಹಾಲು ಧಾರಾಳ ಸಾಕು. ಜಾಸ್ತಿಯಾದರೆ ಹೊಟ್ಟೆ ಹಾಲಲ್ಲೇ ತುಂಬುತ್ತದೆ, ರಕ್ತಹೀನತೆಯೂ ಬರಬಹುದು. ತಟ್ಟೆಗೆ ಎರಡೇ ಚಮಚ ಬಡಿಸಿ, ಇನ್ನೂ ಬೇಕಾದರೆ ಮಗುವೇ ಕೇಳಲಿ. ನೀವೂ ಜೊತೆಗೆ ಕೂತು ಉಣ್ಣಿ, ಮೊಬೈಲು ಬೇರೆ ರೂಮಿನಲ್ಲಿರಲಿ. ಅರ್ಧ ಗಂಟೆಯಾದ ಮೇಲೆ ಸುಮ್ನೆ ತಟ್ಟೆ ಎತ್ತಿ, ಬೈಗುಳ ಬೇಡ. ಮಗು ನಿಜಕ್ಕೂ ಸಣ್ಣಗಿದ್ದರೆ ತುತ್ತು ಹೆಚ್ಚಿಸಬೇಡಿ, ತುತ್ತಿನಲ್ಲಿರೋದನ್ನು ಹೆಚ್ಚಿಸಿ: ತುಪ್ಪ, ಗಟ್ಟಿ ಬೇಳೆ, ಮೊಟ್ಟೆ, ರಾಗಿ ಸರಿಗೆ ಕಡಲೆಕಾಯಿ ಪುಡಿ.

"ಬೀನ್ಸ್ ತಿಂದರೆ ಚಾಕಲೇಟು" ಅನ್ನಬೇಡಿ. ಬೀನ್ಸ್ ಶಿಕ್ಷೆ, ಚಾಕಲೇಟು ಬಹುಮಾನ ಅಂತ ನಾವೇ ಹೇಳಿಕೊಟ್ಟಂಗಾಯ್ತು ಅಲ್ವಾ? ಡಬ್ಬಿಯಲ್ಲಿ ಬಚ್ಚಿಟ್ಟ ಚಿಪ್ಸಿಗೂ ಅದೇ ಗತಿ, ಮಗುವಿನ ಕಣ್ಣು ಸದಾ ಆ ಡಬ್ಬಿ ಮೇಲೇ ಇರುತ್ತದೆ. ಮನೆಗೇ ತರದಿದ್ದರೆ ಜಗಳವೇ ಇಲ್ಲ.

ಮೊದಲ ಮೂರು ದಿನ ಮಗಳು ಮಧ್ಯಾಹ್ನ ಎರಡು ತುತ್ತು ತಿಂದು ಎದ್ದು ಹೋದಳು. ನನಗಂತೂ ಜೀವವೇ ಹೋದಂಗಾಗಿತ್ತು. ನಾಲ್ಕನೇ ದಿನ ಅಡುಗೆಮನೆ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದಳು, ಕುಕ್ಕರ್ ಇನ್ನೂ ಕೂಗಿರಲಿಲ್ಲ.