ಡಾಕ್ಸಿಸೈಕ್ಲಿನ್ ನುಂಗುವುದು ಹೇಗೆ: ನೀರು, ಹಾಲು, ಬಿಸಿಲು

ಮೊದಲ ಸಲ ಡಾಕ್ಸಿಸೈಕ್ಲಿನ್ ತೆಗೆದುಕೊಂಡಾಗ ನಾನು ಮಾಡಿದ ಎಡವಟ್ಟನ್ನೇ ಮೊದಲು ಹೇಳಿಬಿಡುತ್ತೇನೆ. ರಾತ್ರಿ ಮಲಗಿದ ಮೇಲೆ ಮಾತ್ರೆಯ ನೆನಪಾಯಿತು. ಎದ್ದು ಹೋಗಿ ನೀರು ತರಲು ಸೋಮಾರಿತನ, ಬಾಟಲಿಯ ತಳದಲ್ಲಿದ್ದ ಎರಡು ಗುಟುಕಿನಲ್ಲೇ ಕ್ಯಾಪ್ಸೂಲ್ ನುಂಗಿ ಹಾಗೇ ಮಲಗಿಬಿಟ್ಟೆ. ಬೆಳಿಗ್ಗೆ ಎದ್ದರೆ ಎದೆಯ ನಡುವೆ ಏನೋ ಸಿಕ್ಕಿಕೊಂಡ ಹಾಗೆ ನೋವು, ಉಗುಳು ನುಂಗಿದರೂ ಉರಿ. ಹಾರ್ಟಿನದೇ ಏನೋ ತೊಂದರೆ ಅಂತ ಹೆದರಿ ಡಾಕ್ಟರ ಹತ್ತಿರ ಓಡಿದರೆ ಅವರು ಕೇಳಿದ ಮೊದಲ ಪ್ರಶ್ನೆ: "ಮಾತ್ರೆ ನುಂಗಿ ಎಷ್ಟು ಹೊತ್ತಿಗೆ ಮಲಗಿದಿರಿ?"

ಆಗಿದ್ದಿಷ್ಟೇ. ಕ್ಯಾಪ್ಸೂಲ್ ಹೊಟ್ಟೆಗೆ ಇಳಿಯದೆ ಅನ್ನನಾಳದ ಗೋಡೆಗೆ ಅಂಟಿಕೊಂಡು ಅಲ್ಲೇ ಕರಗಿತ್ತು. ಈ ಔಷಧ ಕರಗಿದಾಗ ಒಳ್ಳೇ ಆಸಿಡ್ ಥರ ಇರುತ್ತದೆ. ಹೊಟ್ಟೆಗೆ ಆಸಿಡ್ ಅಭ್ಯಾಸ, ಅನ್ನನಾಳಕ್ಕೆ ಅಲ್ಲ. ಹಾಗಾಗಿ ಹುಣ್ಣಾಗುತ್ತದೆ. ಮೊಡವೆಗೆ, ಶ್ವಾಸಕೋಶದ ಸೋಂಕಿಗೆ, ಇಲಿ ಜ್ವರಕ್ಕೆ, ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾ ಸೋಂಕಿಗೆ, ಮಲೇರಿಯಾ ಬರದಂತೆ ತಡೆಯಲಿಕ್ಕೆ ಅಂತ ಹತ್ತಾರು ಕಾರಣಕ್ಕೆ ಬರೆದುಕೊಡುವ ಆ್ಯಂಟಿಬಯೋಟಿಕ್ ಮಾತ್ರೆ ಇದು, 1960ರ ದಶಕದಿಂದ ಬಳಕೆಯಲ್ಲಿದೆ, ಒಳ್ಳೆಯ ಔಷಧವೇ. ಆದರೆ ನುಂಗುವ ರೀತಿಯಲ್ಲಿ ತಪ್ಪಿದರೆ ಇಷ್ಟು ಕಾಟ ಕೊಡುವ ಮಾತ್ರೆಗಳು ಕಡಿಮೆ.

ಹಾಗಾಗಿ ನೀರಿನ ವಿಷಯದಲ್ಲಿ ಜಿಪುಣತನ ಬೇಡ. ದೊಡ್ಡ ಲೋಟದ ತುಂಬ, 200 ಮಿಲಿಗೆ ಕಡಿಮೆ ಇಲ್ಲದ ಹಾಗೆ, ಕೂತು ಅಥವಾ ನಿಂತು ಕುಡಿಯಿರಿ. ಆಮೇಲೆ ಕನಿಷ್ಠ ಅರ್ಧ ಗಂಟೆ ಒರಗಬೇಡಿ. ರಾತ್ರಿಯ ಡೋಸ್ ಇದ್ದರೆ ಅದನ್ನು "ಮಲಗುವಾಗ ತಗೊಳ್ಳೋ ಮಾತ್ರೆ" ಅಂತ ಅಂದುಕೊಳ್ಳಬೇಡಿ, ಊಟದ ಜೊತೆ ಮುಗಿಸಿಬಿಡಿ. ಇಷ್ಟೆಲ್ಲ ಮಾಡಿಯೂ ನುಂಗುವಾಗ ನೋವು ಶುರುವಾದರೆ ಸುಮ್ನೆ ಸಹಿಸಿಕೊಂಡು ಮುಂದಿನ ಡೋಸ್ ಹಾಕಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಬೇರೆ ಔಷಧಕ್ಕೆ ಬದಲಾಯಿಸಿದರೆ ಹುಣ್ಣು ಸಾಮಾನ್ಯವಾಗಿ ತಾನಾಗಿಯೇ ಮಾಯುತ್ತದೆ.

ಇನ್ನು ಎಲ್ಲರಿಗೂ ಗೊಂದಲ ಆಗುವ ವಿಷಯ. ಒಬ್ಬರು ಖಾಲಿ ಹೊಟ್ಟೆಯಲ್ಲಿ ತಗೊಳ್ಳಿ ಅನ್ನುತ್ತಾರೆ, ಇನ್ನೊಬ್ಬರು ಊಟದ ಜೊತೆ ಅನ್ನುತ್ತಾರೆ. ಇಬ್ಬರೂ ಪೂರ್ತಿ ತಪ್ಪಲ್ಲ. ಇದರ ಅಣ್ಣನಂತಿರುವ ಹಳೆಯ ಟೆಟ್ರಾಸೈಕ್ಲಿನ್ ಇದೆಯಲ್ಲ, ಅದಕ್ಕೆ ಹಾಲು, ಊಟ ಎರಡೂ ಆಗದು, ಅರ್ಧಕ್ಕರ್ಧ ಔಷಧ ವ್ಯರ್ಥವಾಗುತ್ತದೆ. ಡಾಕ್ಸಿಸೈಕ್ಲಿನ್‌ಗೆ ಅಷ್ಟು ತೊಂದರೆ ಇಲ್ಲ, ಊಟ ಅಥವಾ ಹಾಲಿನ ಜೊತೆ ತೆಗೆದುಕೊಂಡರೆ ಮೈಗೆ ಸೇರುವುದು ಸುಮಾರು ಶೇಕಡಾ 20ರಷ್ಟು ಕಡಿಮೆಯಾಗಬಹುದು, ಅಷ್ಟೆ. ಈ ಮಾತ್ರೆಯಲ್ಲಿ ಜಾಸ್ತಿ ಜನ ಹೇಳುವ ದೂರು ವಾಕರಿಕೆ. ಖಾಲಿ ಹೊಟ್ಟೆಯಲ್ಲಿ ನುಂಗಿ ವಾಂತಿ ಮಾಡಿಕೊಂಡರೆ ಏನು ಬಂತು? ನನ್ನ ಕೇಳಿದರೆ ಹೊಟ್ಟೆಗೆ ಏನಾದರೂ ಹಾಕಿಕೊಂಡೇ ನುಂಗಿ, ಹಾಲು ಮೊಸರನ್ನು ಮಾತ್ರ ಆ ಹೊತ್ತಿಗೆ ಬಿಟ್ಟು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ನಿಮ್ಮ ಚೀಟಿಯಲ್ಲಿ ಬೇರೆ ಥರ ಬರೆದಿದ್ದರೆ ಅದೇ ಸರಿ.

ಹಾಲಿಗಿಂತ ನಿಜವಾಗಿ ಹುಷಾರಾಗಿರಬೇಕಾದ್ದು ಆಂಟಾಸಿಡ್, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಜಿಂಕ್ ಇರುವ ವಿಟಮಿನ್ ಮಾತ್ರೆಗಳ ವಿಷಯದಲ್ಲಿ. ಇವುಗಳಲ್ಲಿರುವ ಲೋಹಗಳು ಔಷಧವನ್ನು ಹಿಡಿದುಕೊಂಡುಬಿಡುತ್ತವೆ, ಹಿಡಿದದ್ದು ಕರುಳಿನಿಂದ ರಕ್ತಕ್ಕೆ ಹೋಗುವುದೇ ಇಲ್ಲ. ಎದೆ ಉರಿ ಅಂತ ಆಂಟಾಸಿಡ್ ಕುಡಿದು, ಅದರ ಹಿಂದೆಯೇ ಡಾಕ್ಸಿಸೈಕ್ಲಿನ್ ನುಂಗಿದರೆ ನುಂಗಿಯೂ ನುಂಗದ ಹಾಗೆ. ಎರಡು ಮೂರು ಗಂಟೆ ಅಂತರ ಇರಲಿ. ಕಬ್ಬಿಣದ್ದು ಇನ್ನೂ ತರಲೆ: ರಕ್ತಕ್ಕೆ ಸೇರಿದ ಡಾಕ್ಸಿಸೈಕ್ಲಿನ್ ಸ್ವಲ್ಪ ಮಟ್ಟಿಗೆ ವಾಪಸ್ ಕರುಳಿಗೆ ಬರುತ್ತದೆ, ಅಲ್ಲಿ ಕಬ್ಬಿಣ ಕಾದು ಕೂತಿರುತ್ತದೆ. ಆದ್ದರಿಂದ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ಕೋರ್ಸ್ ಮುಗಿಯುವ ತನಕ ಅದನ್ನು ನಿಲ್ಲಿಸಬಹುದಾ ಅಂತ ಡಾಕ್ಟರನ್ನು ಕೇಳಿ.

ಬಿಸಿಲು. ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಮೈ ಸುಟ್ಟುಕೊಳ್ಳುವ ತನಕ. ಈ ಮಾತ್ರೆ ತೆಗೆದುಕೊಳ್ಳುವಾಗ ಬಿಸಿಲಿನಲ್ಲಿರುವ ಯುವಿಎ ಕಿರಣಕ್ಕೆ ಚರ್ಮ ಜಾಸ್ತಿ ಸೂಕ್ಷ್ಮವಾಗುತ್ತದೆ. ದಿನಾ ಓಡಾಡುವ ಬಿಸಿಲೇ ಕೆಂಪಗೆ ಸುಡಬಹುದು, ಕೆಲವರಿಗೆ ಉಗುರು ಕೂಡ ಬುಡದಿಂದ ಬಿಡುವುದುಂಟು. ಕಪ್ಪು ಮೈಬಣ್ಣದವರಿಗೆ ಏನೂ ಆಗಲ್ಲ ಅನ್ನುವ ಮಾತು ನಂಬಬೇಡಿ. ಯುವಿಎ ಕಿಟಕಿಯ ಗಾಜು ದಾಟಿಯೂ ಬರುತ್ತದೆ, ಅಂದರೆ ಗಾಡಿಯಲ್ಲಿ ಕಿಟಕಿ ಪಕ್ಕ ಗಂಟೆಗಟ್ಟಲೆ ಕೂತರೂ ಲೆಕ್ಕಕ್ಕೆ ಬಂತು. ತುಂಬು ತೋಳಿನ ಬಟ್ಟೆ, ಟೋಪಿ, ಯುವಿಎ ತಡೆಯುವ ಸನ್‌ಸ್ಕ್ರೀನ್. ಕೋರ್ಸ್ ಮುಗಿದ ಮೇಲೂ ಕೆಲವು ದಿನ ಇದೇ ಎಚ್ಚರ ಇರಲಿ.

ಡಾಕ್ಟರು ಕೇಳದಿದ್ದರೂ ನೀವಾಗಿ ಹೇಳಬೇಕಾದ ಕೆಲವು ಸಂಗತಿಗಳಿವೆ. ಬಸಿರಿದ್ದರೆ, ಇರಬಹುದು ಅನ್ನುವ ಅನುಮಾನವಿದ್ದರೂ, ಹೇಳಿ. ನಾಲ್ಕನೇ ತಿಂಗಳ ನಂತರ ತೆಗೆದುಕೊಂಡರೆ ಹುಟ್ಟುವ ಮಗುವಿನ ಹಲ್ಲಿಗೆ ಬಣ್ಣ ಹಿಡಿಯುವ ಅಪಾಯವಿದೆ. ಅದೇ ಕಾರಣಕ್ಕೆ ಎಂಟು ವರ್ಷದೊಳಗಿನ ಮಕ್ಕಳಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಕೆಲವು ಜೋರು ಸೋಂಕುಗಳಲ್ಲಿ ಡಾಕ್ಟರು ಯೋಚಿಸಿಯೇ ಕಡಿಮೆ ದಿನಕ್ಕೆ ಕೊಡುತ್ತಾರೆ, ಆಗ ಗಾಬರಿಯಾಗಬೇಡಿ. ಮೊಡವೆಗೆ ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುತ್ತಿದ್ದರೆ ಎರಡೂ ಒಟ್ಟಿಗೆ ಕೂಡದು, ತಲೆಯೊಳಗೆ ಒತ್ತಡ ಏರಬಹುದು. ರಕ್ತ ತೆಳುಮಾಡುವ ವಾರ್ಫರಿನ್ ಇದ್ದರೆ ರಕ್ತಸ್ರಾವದ ಭಯ ಹೆಚ್ಚು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಥರದ ಔಷಧಗಳು ಡಾಕ್ಸಿಸೈಕ್ಲಿನ್ ಅನ್ನು ಬೇಗ ಮೈಯಿಂದ ಹೊರಹಾಕುತ್ತವೆ, ಆಗ ಔಷಧದ ಬಲ ಸಾಲದೆ ಹೋಗಬಹುದು.

ಸ್ವಲ್ಪ ವಾಕರಿಕೆ, ಸ್ವಲ್ಪ ಭೇದಿ, ಹೆಂಗಸರಿಗೆ ಕೆಳಗೆ ಫಂಗಸ್ ಆಗಿ ತುರಿಕೆ, ಇವೆಲ್ಲ ಆಗುವಂಥವೇ, ಹೇಳಿದರೆ ಪರಿಹಾರವಿದೆ. ಕಾಯಬಾರದ್ದು ಬೇರೆ. ಮುಖ ತುಟಿ ಊದಿಕೊಂಡು ಉಸಿರು ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆ. ಜ್ವರದ ಜೊತೆ ಮೈಮೇಲೆ ಗಂಧೆ, ಬಾಯಲ್ಲಿ ಕಣ್ಣಲ್ಲಿ ಗುಳ್ಳೆ ಬಂದರೂ ಹಾಗೇ. ಬಿಡದ ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಒಂದು ಎರಡಾಗಿ ಕಾಣುವುದು ಶುರುವಾದರೆ ಮಾತ್ರೆ ನಿಲ್ಲಿಸಿ ಅವತ್ತೇ ತೋರಿಸಿ, ಕಣ್ಣಿನ ಪ್ರಶ್ನೆ ಅದು. ನೀರು ನೀರಾಗಿ ಮತ್ತೆ ಮತ್ತೆ ಭೇದಿ, ರಕ್ತ, ಹೊಟ್ಟೆ ಹಿಂಡುವುದು ಕೋರ್ಸ್ ಮುಗಿದು ವಾರಗಳಾದ ಮೇಲೂ ಬರಬಹುದು. ಆಗ ಭೇದಿ ನಿಲ್ಲಿಸುವ ಮಾತ್ರೆ ನೀವೇ ತಂದು ನುಂಗಬೇಡಿ, ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದೆ ಅಂತ ಡಾಕ್ಟರಿಗೆ ಹೇಳಿ.

ಡೋಸ್ ಮರೆತರೆ ನೆನಪಾದ ತಕ್ಷಣ ತೆಗೆದುಕೊಳ್ಳಿ. ಮುಂದಿನದರ ಹೊತ್ತೇ ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ, ಎರಡು ಒಟ್ಟಿಗೆ ಬೇಡ. ಮೂರನೇ ದಿನಕ್ಕೆ ಆರಾಮಾಯ್ತು ಅಂತ ನೀವೇ ನಿಲ್ಲಿಸುವುದೂ ಬೇಡ, ಎಷ್ಟು ದಿನ ಅನ್ನುವುದು ಕಾಯಿಲೆಯ ಮೇಲೆ ಹೋಗುತ್ತದೆ. ಮಲೇರಿಯಾ ತಡೆಗೆ ತೆಗೆದುಕೊಳ್ಳುವವರು ಇಲ್ಲೇ ಎಡವುತ್ತಾರೆ. ಹೊರಡುವ ಒಂದೆರಡು ದಿನ ಮೊದಲು ಶುರುಮಾಡಿ, ಅಲ್ಲಿರುವಷ್ಟು ದಿನ ತಪ್ಪದೆ ನುಂಗಿ, ಮನೆಗೆ ಬಂದ ತಕ್ಷಣ ಬಿಟ್ಟುಬಿಡುತ್ತಾರೆ. ವಾಪಸ್ ಬಂದ ಮೇಲೆ ಇನ್ನೂ ನಾಲ್ಕು ವಾರ ಬೇಕು, ಯಾಕೆಂದರೆ ಪಿತ್ತಜನಕಾಂಗದಲ್ಲಿ ಅಡಗಿ ಕೂತ ಮಲೇರಿಯಾ ಕ್ರಿಮಿ ರಕ್ತಕ್ಕೆ ಇಳಿದು ಬಂದಾಗಲೇ ಈ ಮಾತ್ರೆ ಅದನ್ನು ಹಿಡಿಯುವುದು.

ಡ್ರಾಯರಿನಲ್ಲಿ ಹೋದ ವರ್ಷದ ಎರಡು ಸ್ಟ್ರಿಪ್ ಉಳಿದಿದ್ದರೆ ಈ ಸಲದ ನೆಗಡಿಗೆ ಅಂತ ತೆಗೆಯಬೇಡಿ. ನೆಗಡಿ ವೈರಸ್‌ನಿಂದ ಬರುವುದು, ಅದಕ್ಕೆ ಇದು ತಾಕುವುದೇ ಇಲ್ಲ. ಅವಧಿ ಮೀರಿ ಕೆಟ್ಟುಹೋದ ಹಳೆಯ ಟೆಟ್ರಾಸೈಕ್ಲಿನ್ ತಿಂದು ಕಿಡ್ನಿ ಕೆಡಿಸಿಕೊಂಡವರಿದ್ದಾರೆ. ಡೇಟ್ ಮುಗಿದದ್ದನ್ನು ಔಷಧದ ಅಂಗಡಿಯಲ್ಲಿ ವಾಪಸ್ ತೆಗೆದುಕೊಳ್ಳುತ್ತಾರಾ ಅಂತ ಕೇಳಿ, ಅಲ್ಲಿಯ ತನಕ ಮಕ್ಕಳ ಕೈಗೆ ಎಟುಕದ ಕಡೆ ಇಡಿ.